ಹೆಚ್ಚು ಜನರಿಗೆ ಗೊತ್ತಿಲ್ಲದ, ಕೆಲಸ ಹಗುರ ಮಾಡುವ ಆ್ಯಪ್‌ಗಳು ಯಾವುವು?

ಲ್ಯಾಪ್‌ಟಾಪಿಗೂ ಫೋನಿಗೂ ಸೇರಿ ಹದಿನೇಳು ಆ್ಯಪ್ ಹಾಕಿಕೊಂಡಿದ್ದೇನೆ, ಇನ್ನೂ ಯಾವುವು ಇವೆ ಎಂದು ಕೇಳಿದ್ದೀರಿ. ನಿಮ್ಮ ಪಟ್ಟಿ ಓದುತ್ತಿದ್ದಂತೆ 2022ರ ನನ್ನನ್ನೇ ಕಂಡಂತಾಯಿತು.

ನಾನು ಮನೆಯಲ್ಲೇ ಡಿಟಿಪಿ ಕೆಲಸ ಮಾಡುವವನು. ಮದುವೆಯ ಕರೆಯೋಲೆ, ಸಹಕಾರ ಸಂಘದ ವಾರ್ಷಿಕ ವರದಿ, ಆಗೊಮ್ಮೆ ಈಗೊಮ್ಮೆ ಸ್ಮರಣ ಸಂಚಿಕೆ. ಆಗ ವಾರಕ್ಕೊಂದು ಹೊಸ ಆ್ಯಪ್ ಹುಡುಕುವ ಚಟವಿತ್ತು. ಮಾಡಬೇಕಾದ ಕೆಲಸ ಬರೆದಿಡಲು ಒಂದು, ಬರೆದಿಟ್ಟದ್ದನ್ನು ನೆನಪಿಸಲು ಇನ್ನೊಂದು, ಎಷ್ಟು ಹೊತ್ತು ಕೆಲಸ ಮಾಡಿದೆ ಎಂದು ಅಳೆಯಲು ಮತ್ತೊಂದು. ಅಳೆಯುವಷ್ಟು ಕೆಲಸ ಮಾತ್ರ ಆಗುತ್ತಿರಲಿಲ್ಲ.

ಹಾಗೆ ಹುಡುಕುವಾಗ ಸಿಕ್ಕಿದ್ದು ಸಿಂಕ್‌ತಿಂಗ್. ಒಳ್ಳೆಯ ತಂತ್ರಾಂಶ, ಈಗಲೂ ಬಳಸುತ್ತೇನೆ. ನಿಮ್ಮ ಫೈಲುಗಳು ಯಾವ ಕಂಪನಿಯ ಸರ್ವರಿನಲ್ಲೂ ಕೂರುವುದಿಲ್ಲ. ಫೋನು ಮತ್ತು ಲ್ಯಾಪ್‌ಟಾಪ್ ನೇರವಾಗಿ ಮಾತಾಡಿಕೊಂಡು ಒಂದು ಫೋಲ್ಡರನ್ನು ಎರಡೂ ಕಡೆ ಒಂದೇ ಥರ ಇಡುತ್ತವೆ. ಉಚಿತ, ಮುಕ್ತ ತಂತ್ರಾಂಶ. ನನ್ನ ಕೆಲಸದ ಫೋಲ್ಡರನ್ನು ಹೀಗೆ ಜೋಡಿಸಿ, ಬ್ಯಾಕಪ್ ಆಯಿತು ಎಂದು ನೆಮ್ಮದಿಯಾಗಿ ಮಲಗಿದೆ.

ಆ ನವೆಂಬರಿನಲ್ಲಿ ಒಂದು ಹಳ್ಳಿಯ ಪ್ರೌಢಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆ ಕೈಯಲ್ಲಿತ್ತು, 212 ಪುಟ. ಎರಡನೆಯ ಕರಡಿನ ತಿದ್ದುಪಡಿ ಮುಗಿದಿತ್ತು. ಒಂದು ರಾತ್ರಿ ಫೋನಿನಲ್ಲಿ ಜಾಗ ಸಾಲದೆಂಬ ಸೂಚನೆ ಬಂತು. ಆ ಫೋಲ್ಡರನ್ನು ತೆರೆದೆ, ಒಳಗಿದ್ದ ಎಲ್ಲವನ್ನೂ ಆಯ್ದೆ, ಅಳಿಸಿದೆ. ಹೇಗೂ ಲ್ಯಾಪ್‌ಟಾಪಿನಲ್ಲಿ ಇದೆಯಲ್ಲ! ಪಕ್ಕದ ಕೋಣೆಯಲ್ಲಿ ಲ್ಯಾಪ್‌ಟಾಪ್ ಚಾಲೂ ಇತ್ತು. ಬೆಳಿಗ್ಗೆ ನೋಡಿದರೆ ಅಲ್ಲಿಯ ಫೋಲ್ಡರೂ ಖಾಲಿ. ಸಿಂಕ್‌ತಿಂಗ್ ಪುಟದಲ್ಲಿ ಮಾತ್ರ ಹಸಿರು ಅಕ್ಷರದಲ್ಲಿ ‘ಅಪ್ ಟು ಡೇಟ್’ ಎಂದಿತ್ತು. ಸುಳ್ಳೇನಲ್ಲ. ಎರಡೂ ಕಡೆ ಒಂದೇ ಥರ ಇತ್ತು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಸರವಾದರೂ ಓದಿ. ಸಿಂಕ್‌ತಿಂಗ್ ಪ್ರತಿ ಫೋಲ್ಡರಿನೊಳಗೆ ‘ಡಾಟ್ ಎಸ್‌ಟಿಫೋಲ್ಡರ್’ ಎಂಬ ಗುರುತನ್ನು ಇಟ್ಟುಕೊಳ್ಳುತ್ತದೆ. ಹೆಸರು ಚುಕ್ಕಿಯಿಂದ ಶುರುವಾಗುವುದರಿಂದ ಫೋನಿನಲ್ಲಿ ಅದು ಸಾಮಾನ್ಯವಾಗಿ ಕಣ್ಣಿಗೆ ಬೀಳುವುದಿಲ್ಲ. ನಾನು ಇಡೀ ಫೋಲ್ಡರನ್ನೇ ಕಿತ್ತೆಸೆದಿದ್ದರೆ ಆ ಗುರುತೂ ಹೋಗಿರುತ್ತಿತ್ತು. ಆಗ ಸಿಂಕ್‌ತಿಂಗ್ ‘ಇಲ್ಲಿ ಏನೋ ಎಡವಟ್ಟಾಗಿದೆ’ ಎಂದು ದೋಷ ತೋರಿಸಿ ನಿಂತುಬಿಡುತ್ತಿತ್ತು, ಲ್ಯಾಪ್‌ಟಾಪಿನ ಪ್ರತಿ ಉಳಿಯುತ್ತಿತ್ತು. ನಾನು ಒಳಗೆ ಹೋಗಿ ಕಣ್ಣಿಗೆ ಕಂಡ ಫೈಲುಗಳನ್ನಷ್ಟೇ ಅಳಿಸಿದೆ. ಗುರುತು ಹಾಗೇ ಇತ್ತು. ಯಜಮಾನ ಬೇಕೆಂದೇ ಅಳಿಸಿದ್ದಾನೆ ಎಂದು ತಿಳಿದು ಅದು ನಿಯತ್ತಾಗಿ ಆ ಕಡೆಯೂ ಅಳಿಸಿತು. ಅಂದರೆ ಇನ್ನಷ್ಟು ಒರಟಾಗಿ ಅಳಿಸಿದ್ದರೆ ಬದುಕುತ್ತಿದ್ದೆ!

ಹಾಗೆ ಅಳಿಸಿದ್ದು ರಿಸೈಕಲ್ ಬಿನ್‌ಗೂ ಹೋಗುವುದಿಲ್ಲ. ಹಳೆಯ ಪ್ರತಿಗಳನ್ನು ಉಳಿಸಿಕೊಳ್ಳುವ ‘ಫೈಲ್ ವರ್ಷನಿಂಗ್’ ಸೌಲಭ್ಯ ಅದರಲ್ಲಿದೆ, ಆದರೆ ನಾವಾಗಿ ಹಚ್ಚಬೇಕು. ನಾನು ಹಚ್ಚಿರಲಿಲ್ಲ, ಅಂಥದ್ದೊಂದು ಇದೆ ಎಂಬುದೇ ಗೊತ್ತಿರಲಿಲ್ಲ. ಅಳಿಸಿದ ಫೈಲು ಹುಡುಕಿಕೊಡುವ ರೆಕೂವಾ ತಂತ್ರಾಂಶ ಹಾಕಿ ಅಗೆದು ನೋಡಿದೆ. ಲ್ಯಾಪ್‌ಟಾಪಿನಲ್ಲಿದ್ದದ್ದು ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆಯಿಲ್ಲದ ಚಿಪ್ಪಿನ ಡಿಸ್ಕು; ಫೈಲು ಅಳಿಸಿದೊಡನೆ ವಿಂಡೋಸ್ ‘ಈ ಜಾಗ ಇನ್ನು ಬೇಡ’ ಎಂದು ಅದಕ್ಕೆ ತಿಳಿಸಿಬಿಡುತ್ತದೆ, ಅದು ಒಳಗೊಳಗೇ ಒರೆಸಿಕೊಳ್ಳುತ್ತದೆ. ಕೆಲವು ಫೈಲಿನ ಹೆಸರುಗಳು ಸಿಕ್ಕವು, ಒಳಗೆ ಏನೂ ಇರಲಿಲ್ಲ.

ಉಳಿದದ್ದು ನಿವೃತ್ತ ಕನ್ನಡ ಮೇಷ್ಟ್ರ ಮನೆಯಲ್ಲಿದ್ದ, ಕೆಂಪು ಶಾಯಿಯಲ್ಲಿ ತಿದ್ದಿದ ಕರಡು ಪುಟಗಳ ಕಟ್ಟು. ಚಿತ್ರದಲ್ಲಿರುವ ಅಕ್ಷರಗಳನ್ನು ಪಠ್ಯವಾಗಿಸುವ ಟೆಸರಾಕ್ಟ್ ತಂತ್ರಾಂಶಕ್ಕೆ ಕನ್ನಡ ಓದಲು ಬರುತ್ತದೆ ಎಂದು ಪುಟಗಳ ಚಿತ್ರ ತೆಗೆದು ಕೊಟ್ಟೆ. ಕೆಂಪು ಗೀಟುಗಳ ನಡುವೆ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿ. ತಿದ್ದುವುದಕ್ಕಿಂತ ಟೈಪ್ ಮಾಡುವುದೇ ವಾಸಿ ಎನಿಸಿತು. ಹನ್ನೊಂದು ರಾತ್ರಿ ಕೂತೆ. ಪ್ರೆಸ್ಸಿಗೆ ಕೊಡುವ ದಿನ ತಪ್ಪಿತು, ಕೂಲಿಯಲ್ಲಿ ಅರ್ಧ ಬಿಟ್ಟುಕೊಟ್ಟೆ. ಮೇಷ್ಟ್ರು ಮಾತ್ರ, ‘ಹೋಗಲಿ ಬಿಡಿ, ಹೋದ ಸಲ ನನ್ನ ಕಣ್ಣು ತಪ್ಪಿಸಿದ್ದ ನಾಲ್ಕು ದೋಷ ಈಗ ಸಿಕ್ಕವು’ ಎಂದರು.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ಹೆಚ್ಚು ಜನರಿಗೆ ಗೊತ್ತಿಲ್ಲ ಎಂಬುದು ಆ್ಯಪಿನ ಹೆಚ್ಚುಗಾರಿಕೆ ಎಂದು ನೀವು ತಿಳಿದಂತಿದೆ. ನಾನು ಒಪ್ಪುವುದಿಲ್ಲ. ನಡುರಾತ್ರಿ ಕೈಕೊಟ್ಟರೆ ಕೇಳಲು ಪಕ್ಕದಲ್ಲಿ ಒಬ್ಬರೂ ಇರುವುದಿಲ್ಲ. ಸಿಂಕ್‌ತಿಂಗ್‌ನ ಅಧಿಕೃತ ಆಂಡ್ರಾಯ್ಡ್ ಆ್ಯಪ್ 2024ರ ಡಿಸೆಂಬರಿನಲ್ಲಿ ನಿಂತೇಹೋಯಿತು. ಬೇರೆಯವರು ಮುಂದುವರಿಸಿದ ಕವಲನ್ನು ಈಗ ಬಳಸುತ್ತಿದ್ದೇನೆ. ಇಂಥದ್ದಕ್ಕೆ ಸಿದ್ಧರಿದ್ದರೆ ಮಾತ್ರ ಕೈ ಹಾಕಿ.

ಈಗ ನನ್ನ ಬಳಿ ಉಳಿದಿರುವುದು ಮೂರೇ. ಒಂದು, ವಿಂಡೋಸ್‌ನ ‘ಎವೆರಿಥಿಂಗ್’. ಡಿಸ್ಕಿನ ಫೈಲು ಪಟ್ಟಿಯನ್ನೇ ನೇರವಾಗಿ ಓದುವುದರಿಂದ ಅಕ್ಷರ ಒತ್ತುತ್ತಿದ್ದಂತೆ ಫೈಲು ಎದುರು ಬರುತ್ತದೆ. ಆದರೆ ಅದು ಮುಖ್ಯವಾಗಿ ನೋಡುವುದು ಹೆಸರನ್ನು. ಒಳಗಿನ ಪಠ್ಯ ಹುಡುಕಲು ಹೊರಟರೆ ನಮ್ಮ ಹಳೆಯ ಕಡತಗಳ ಗತಿ ಬೇರೆ: ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಹೊಡೆದ ‘ಕನ್ನಡ’ ಎಂಬ ಪದ ಕಂಪ್ಯೂಟರಿನೊಳಗೆ ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟಿರುವ ಎ, ಪೌಂಡ್ ಚಿಹ್ನೆ, ಹೀಗೆ ಕೂತಿರುತ್ತದೆ. ಈಗ ಎಲ್ಲೆಡೆ ಬಳಸುವ ಯುನಿಕೋಡ್ ಕನ್ನಡ ಅಕ್ಷರಗಳಲ್ಲಿ ಹುಡುಕಿದರೆ ಅದು ಎಲ್ಲಿ ಸಿಗಬೇಕು? ಅದಕ್ಕೇ ಫೈಲಿನ ಹೆಸರಿನಲ್ಲೇ ಊರು, ತಿಂಗಳು, ಇಸವಿ ಬರೆದಿಡುತ್ತೇನೆ.

ಎರಡನೆಯದು ‘ಡಿಟ್ಟೊ’, ಕಾಪಿ ಮಾಡಿದ್ದನ್ನೆಲ್ಲ ನೆನಪಿಟ್ಟುಕೊಳ್ಳುತ್ತದೆ. ವಿಂಡೋಸ್ ಕೀಲಿ ಜೊತೆ ವಿ ಒತ್ತಿದರೆ ಬರುವ ಪಟ್ಟಿ 25ಕ್ಕೆ ನಿಲ್ಲುತ್ತದೆ, ಪಿನ್ ಮಾಡದಿದ್ದರೆ ಯಂತ್ರ ಮತ್ತೆ ಶುರುವಾದಾಗ ಮಾಯ. ಡಿಟ್ಟೊದಲ್ಲಿ ಆ ಕಾಟವಿಲ್ಲ. ಪಾಸ್‌ವರ್ಡ್ ಕಾಪಿ ಮಾಡಿದರೆ ಅದೂ ಅಲ್ಲೇ ಕೂರುತ್ತದೆ, ಜೋಕೆ.

ಮೂರನೆಯದು ಅದೇ ಸಿಂಕ್‌ತಿಂಗ್. ಕೆಲಸದ ಫೋಲ್ಡರು ಲ್ಯಾಪ್‌ಟಾಪಿನಲ್ಲಿ ‘ಸೆಂಡ್ ಓನ್ಲಿ’. ಫೋನಿನಲ್ಲಿ ಏನು ಅಳಿಸಿದರೂ ಈ ಕಡೆ ಕದಲುವುದಿಲ್ಲ. ಎರಡೂ ಕಡೆ ಬರೆಯುವ ಟಿಪ್ಪಣಿಗಳ ಫೋಲ್ಡರಿಗೆ ವರ್ಷನಿಂಗ್ ಹಚ್ಚಿದ್ದೇನೆ, ಅದೂ ಲ್ಯಾಪ್‌ಟಾಪಿನಲ್ಲಿ. ಅಳಿಸುವ ಆದೇಶ ಬಂದು ತಲುಪುವ ಯಂತ್ರದಲ್ಲಿ ಹಚ್ಚದಿದ್ದರೆ ಅದರಿಂದ ಉಪಯೋಗವಿಲ್ಲ. ಇಷ್ಟಾದರೂ ಬ್ಯಾಕಪ್ ಎಂದು ನಾನು ಕರೆಯುವುದು ಬೀರುವಿನಲ್ಲಿರುವ ಹಾರ್ಡ್ ಡಿಸ್ಕನ್ನು. ಶನಿವಾರ ಸಂಜೆ ತೆಗೆದು ಪ್ರತಿ ಮಾಡಿ, ವೈರು ಕಿತ್ತು ಮತ್ತೆ ಒಳಗಿಡುತ್ತೇನೆ.

ಕೆಲಸದ ಪಟ್ಟಿಯ ಆ್ಯಪ್‌ಗಳನ್ನೆಲ್ಲ ತೆಗೆದುಹಾಕಿದೆ. ಗೋಡೆಗೆ ನೇತುಹಾಕಿದ ಕ್ಯಾಲೆಂಡರಿನಲ್ಲಿ ಬರೆಯುತ್ತೇನೆ.

ನಿಮ್ಮ ಹದಿನೇಳರಲ್ಲಿ ಫೋಲ್ಡರು ಜೋಡಿಸುವ ಆ್ಯಪ್‌ಗಳೇ ಎರಡಿವೆ. ಇವತ್ತೇ ಒಂದು ಹೊಸ ಫೋಲ್ಡರ್ ಮಾಡಿ, ಬೇಡದ ಹತ್ತು ಚಿತ್ರ ಹಾಕಿ, ಎರಡೂ ಕಡೆ ಬಂದ ಮೇಲೆ ಫೋನಿನಲ್ಲಿ ಅಳಿಸಿ. ಲ್ಯಾಪ್‌ಟಾಪಿನಲ್ಲಿ ಏನಾಯಿತು ಎಂದು ನನಗೆ ಬರೆಯಿರಿ. ಹದಿನೆಂಟನೆಯದರ ಮಾತು ಆಮೇಲೆ.