ಗೊಂಬೆಯ ಮೇಲೆ ಕಲಿತ ಡಾಕ್ಟರ ಕೈ ನಿಜವಾಗಿ ಪಳಗುತ್ತದಾ?

ಕಾಸರಗೋಡಿನಿಂದ ಮಂಗಳೂರಿಗೆ ಎಂಬಿಬಿಎಸ್‌ಗೆ ಹೋದ ಮಗಳು ಸ್ಕಿಲ್ ಲ್ಯಾಬ್‌ನಲ್ಲಿ ಗೊಂಬೆಗೆ ಹೊಲಿಗೆ ಹಾಕುತ್ತಾಳೆ, ಇದರಿಂದ ಏನು ಪ್ರಯೋಜನ ಅಂತ ಕೇಳಿದ್ದೀರಿ. ಕೈಕೆಲಸಕ್ಕಂತೂ ತುಂಬಾ ಪ್ರಯೋಜನವಿದೆ.

ಲ್ಯಾಪರೊಸ್ಕೋಪಿಯನ್ನೇ ನೋಡಿ, ಅಂದರೆ ಹೊಟ್ಟೆಗೆ ಸಣ್ಣ ತೂತು ಮಾಡಿ, ಕ್ಯಾಮೆರಾ ಒಳಗೆ ಬಿಟ್ಟು ಮಾಡುವ ಆಪರೇಷನ್. ಸಣ್ಣ ತೂತಿನಲ್ಲಿ ಉದ್ದದ ಸಲಕರಣೆ ತೂರಿಸಿದಾಗ ಕೈ ಬಲಕ್ಕೆ ಹೋದರೆ ಒಳಗಿನ ತುದಿ ಎಡಕ್ಕೆ ಹೋಗುತ್ತದೆ. ಮೇಲಾಗಿ ಕಣ್ಣು ಇರುವುದು ಪರದೆಯ ಮೇಲೆ, ಆಳ ಸರಿಯಾಗಿ ಗೊತ್ತಾಗುವುದಿಲ್ಲ. ಅದಕ್ಕೇ ಮೊದಲು ಪೆಟ್ಟಿಗೆಯೊಳಗಿನ ರಬ್ಬರ್ ತುಂಡುಗಳನ್ನು ಒಂದು ಗೂಟದಿಂದ ಎತ್ತಿ, ಗಾಳಿಯಲ್ಲೇ ಇನ್ನೊಂದು ಕೈಯ ಇಕ್ಕಳಕ್ಕೆ ದಾಟಿಸಿ, ಬೇರೆ ಗೂಟಕ್ಕೆ ಹಾಕಿಸುತ್ತಾರೆ. ರಟ್ಟಿನ ಡಬ್ಬ, ಮೊಬೈಲ್ ಕ್ಯಾಮೆರಾ ಇದ್ದರೆ ಮನೆಯಲ್ಲೂ ಮಾಡಬಹುದು.

ಸಿಪಿಆರ್‌ಗೂ, ಅಂದರೆ ಹೃದಯ ನಿಂತವರ ಎದೆ ಒತ್ತಿ ರಕ್ತ ಓಡಿಸುವುದಕ್ಕೂ, ಹಾಗೇ. ದೊಡ್ಡವರ ಎದೆಯನ್ನು 5–6 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100–120 ಸಲ ಒತ್ತಬೇಕು. ಓದಿದರೆ ಸುಲಭ ಅನ್ನಿಸುತ್ತದೆ, ಎರಡು ನಿಮಿಷ ಒತ್ತಿ ನೋಡಿ!

ರೋಗ ಪತ್ತೆಯಲ್ಲಿ ಮಾತ್ರ ಗೊಂಬೆ ಅರ್ಧ ದಾರಿಯಷ್ಟೇ. ಹೃದಯದ ಮರ್ಮರವನ್ನು (ಬಡಿತದ ಜೊತೆ ಕೇಳುವ ಹೆಚ್ಚಿನ ಸದ್ದನ್ನು) ಬೇಕಾದಷ್ಟು ಸಲ ಕೇಳಿಸುತ್ತದೆ, ಸರಿ. ಆದರೆ ನಮ್ಮ ಕಡೆಯ ಅಜ್ಜಿಯರ ಹಾಗೆ ಅರ್ಧ ತುಳು, ಅರ್ಧ ಮಲಯಾಳದಲ್ಲಿ ನೋವು ಹೇಳಿಕೊಳ್ಳುವುದಿಲ್ಲ, ಅಲ್ವಾ? ಅದಕ್ಕೆ ವಾರ್ಡೇ ಬೇಕು.

ಒಂದು ಮಾತು ಮಗಳಿಗೆ ಹೇಳಿ: ಪಕ್ಕದಲ್ಲಿ ತಿದ್ದುವವರು ಇರಲಿ. ಸುಮ್ನೆ ಒಬ್ಬಳೇ ಹೊಲಿಯುತ್ತಾ ಹೋದರೆ ತಪ್ಪೇ ರೂಢಿಯಾಗುತ್ತದೆ.