ಸ್ಪಿಂಡಲ್ ಸೆಲ್ ಅಂದ ಮಾತ್ರಕ್ಕೆ ಕ್ಯಾನ್ಸರ್ ಅಲ್ಲ

ಮಗುವಿನ ಕಂಕುಳ ಗಂಟಿನ ಬಯಾಪ್ಸಿಯಲ್ಲಿ 'ಸ್ಪಿಂಡಲ್ ಸೆಲ್' (ಕದಿರಿನಾಕಾರದ ಕೋಶ) ಅಂತ ಬಂದಿದೆ, ಇದು ಕ್ಯಾನ್ಸರಾ ಅಂತ ಕೇಳಿದ್ದೀರಿ. ಆ ಪದವೊಂದರಿಂದಲೇ ಹೇಳೋಕಾಗಲ್ಲ. ಟಿಬಿ ಜಾತಿಯ ಬ್ಯಾಕ್ಟೀರಿಯಾ ನುಂಗಿದ ರಕ್ಷಣಾ ಕೋಶಗಳು ಅಪರೂಪಕ್ಕೆ ಕದಿರಿನ ಹಾಗೆ ಉದ್ದವಾಗಿ, ಮೈಕ್ರೋಸ್ಕೋಪಿನಲ್ಲಿ ಥೇಟ್ ಗಡ್ಡೆಯಂತೆಯೇ ಕಾಣುತ್ತವೆ. ರೋಗನಿರೋಧಕ ಶಕ್ತಿ ಕಡಿಮೆ ಇರುವ ಮಕ್ಕಳಲ್ಲಿ ಬಿಸಿಜಿ ಲಸಿಕೆಯ (ಟಿಬಿ ಜಾತಿಯದೇ ದುರ್ಬಲಗೊಳಿಸಿದ ಜೀವಂತ ಬ್ಯಾಕ್ಟೀರಿಯಾ ಇರುವ ಲಸಿಕೆ) ನಂತರವೂ ಹೀಗಾಗಿದ್ದುಂಟು.

ಟಿಬಿ ಜಾತಿಯ ಬ್ಯಾಕ್ಟೀರಿಯಾ ತೋರಿಸುವ ಜೀಲ್-ನೀಲ್ಸನ್ ಬಣ್ಣ ಹಾಕಿ ನೋಡಿದ್ದಾರಾ ಅಂತ ಮೊದಲು ಕೇಳಿ. ಈ ಬ್ಯಾಕ್ಟೀರಿಯಾದ ಸೋಂಕೇ ಆದರೆ ಸಾಮಾನ್ಯವಾಗಿ ನೀಲಿ ಹಿನ್ನೆಲೆಯಲ್ಲಿ ಸಣ್ಣ ಕೆಂಪು ಕಡ್ಡಿಗಳು ರಾಶಿ ರಾಶಿ ಕಾಣುತ್ತವೆ. ಆ ರಕ್ಷಣಾ ಕೋಶಗಳನ್ನು ಗುರುತಿಸುವ ಸಿಡಿ68 ಪರೀಕ್ಷೆ ಕೂಡ ಪಾಸಿಟಿವ್ ಬರುತ್ತದೆ. ಮತ್ತೆ ಬಯಾಪ್ಸಿ ಮಾಡುವುದಾದರೆ ಒಂದು ಚೂರನ್ನು ಫಾರ್ಮಲಿನ್‌ಗೆ (ಬ್ಯಾಕ್ಟೀರಿಯಾ ಸಾಯಿಸುವ ದ್ರವ) ಹಾಕದೆ ಸಲೈನ್‌ನಲ್ಲಿ ಕಲ್ಚರ್‌ಗೆ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಕಳಿಸಲು ಹೇಳಿ (ಸುಲಭವಾಗಿ ಮರೆತುಹೋಗುವುದು ಇದೇ). ಅದರ ಫಲಿತಾಂಶಕ್ಕೆ 6ರಿಂದ 8 ವಾರ ಹಿಡಿಯಬಹುದು, ಬ್ಯಾಕ್ಟೀರಿಯಾದ ಡಿಎನ್‌ಎ ಹುಡುಕುವ ಪಿಸಿಆರ್ ಬೇಗ ಬರುತ್ತದೆ. ಸೋಂಕು ಬಿಸಿಜಿ ಲಸಿಕೆಯ ಬ್ಯಾಕ್ಟೀರಿಯಾದ್ದೇ ಅಂತಾದರೆ ಪೈರಜಿನಮೈಡ್ ಎಂಬ ಟಿಬಿ ಔಷಧಿ ಕೆಲಸ ಮಾಡಲ್ಲ, ಅದಕ್ಕೇ ಯಾವ ಜಾತಿ ಅಂತ ಗೊತ್ತಾಗಬೇಕು. ಜೊತೆಗೆ ಎಚ್‌ಐವಿ, ಇಮ್ಯುನಿಟಿ ಪರೀಕ್ಷೆಗಳನ್ನೂ ಮಾಡಿಸಿ.