ಹಳೆ ಹೆಸರಿಗೆ ಒಂದು ‘2’

ಶಹಾಬಾದಿನಿಂದ ಶಾಲಾ ಶಿಕ್ಷಕಿಯೊಬ್ಬರು ಬರೆದಿದ್ದಾರೆ. ಮಕ್ಕಳಿಬ್ಬರನ್ನು ಕರೆದುಕೊಂಡು ರೈಲಿನಲ್ಲಿ ಕಲಬುರಗಿಗೆ ಬಂದು, ಹೆಸರಾದ ಕಾರ್ಟೂನ್ ಸಿನಿಮಾವೊಂದರ ಎರಡನೇ ಭಾಗ ನೋಡಿದರಂತೆ. ಟಿಕೆಟ್, ಪಾಪ್‌ಕಾರ್ನ್, ಆಟೋ ಸೇರಿ ಸಾವಿರ ರೂಪಾಯಿ ದಾಟಿತು. ಇಂಟರ್ವಲ್‌ನಲ್ಲೇ ಸಣ್ಣವನು ‘ಮಮ್ಮಿ, ಮನಿಗಿ ಹೋಗೋಣ’ ಅಂದನಂತೆ. ‘ಬರೇ ರೊಕ್ಕದ ಸಲುವಾಗಿ ಹಳೆ ಹೆಸರಿಗೆ 2 ಅಂತ ಹಚ್ಚಿ, ಅದೇ ಕಥಿ ಮಾರೋದು ಮೋಸ ಅಲ್ಲೇನ್ರಿ?’ ಎಂದು ಕೇಳಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ.

ಸಂಪಾದಕರ ಉತ್ತರ:

ಅಕ್ಕೋರೆ, ನಿಮ್ಮ ಸಿಟ್ಟು ಸರಿ. ಆದರೆ ರೊಕ್ಕ ಬೇಡ ಅಂತ ಯಾರೂ ಸಿನಿಮಾ ತೆಗೆಯುವುದಿಲ್ಲ. ನಿಮ್ಮ ಮಕ್ಕಳು ಟಿವಿಯಲ್ಲಿ ಬಿಡದೆ ನೋಡುವ ಮೊದಲನೇ ಭಾಗವೂ ರೊಕ್ಕಕ್ಕೇ ತೆಗೆದದ್ದು. ‘ಅದೇ ಕಥೆ’ ಎಂಬ ದೂರೂ ಪೂರ್ತಿ ನಿಲ್ಲುವುದಿಲ್ಲ. ನಮ್ಮ ಹಳ್ಳಿಗಳ ಬಯಲಾಟದ ಕಥೆ ಎಲ್ಲರಿಗೂ ಬಾಯಿಪಾಠ. ಆದರೂ ಜನ ಬೆಳತನಕ ಕೂತು ನೋಡುತ್ತಾರೆ, ಅಲ್ವಾ?

ಈ ದಂಧೆಯ ಒಳಗುಟ್ಟು ಬೇರೆ. ಡಿಸ್ನಿಯವರ ‘ಅಲಾದ್ದೀನ್’ ಬಂದದ್ದು 1992ರಲ್ಲಿ. 1994ರಲ್ಲಿ ಅದರ ಮುಂದಿನ ಭಾಗ ಮಾಡಿದಾಗ ಟಾಕೀಸಿಗೆ ತರಲೇ ಇಲ್ಲ, ನೇರ ವಿಡಿಯೊ ಕ್ಯಾಸೆಟ್ ಮಾಡಿ ಮಾರಿದರು. ಖರ್ಚು ಕಡಿಮೆ, ಚಿತ್ರ ಸಾದಾ, ದೀಪದ ಭೂತ ಜೀನಿಯ ದನಿಯೂ ಬೇರೆಯವರದು. ಆದರೂ ಕ್ಯಾಸೆಟ್‌ಗಳು ಲಕ್ಷಗಟ್ಟಲೆ ಮಾರಾಟವಾದವು. ಆಮೇಲೆ ಸಾಲುಗಟ್ಟಿ ಬಂದವು. 1950ರ ‘ಸಿಂಡ್ರೆಲಾ’ಗೆ 2002ರಲ್ಲಿ ಎರಡನೇ ಭಾಗ! ಮೂರು ತುಂಡು ಕಥೆಗಳನ್ನು ಹೊಲಿದು ಒಂದು ಸಿನಿಮಾ ಎಂದರು. ಮೊದಲ ತುಂಡಿನಲ್ಲಿ ಸಿಂಡ್ರೆಲಾ ಅರಮನೆಯ ಔತಣದ ಏರ್ಪಾಡು ನೋಡಿಕೊಳ್ಳಬೇಕು, ಅದೇ ಅವಳ ಕಷ್ಟ. ನಮ್ಮ ಕಡೆ ಯಾವ ಹೊಸ ಸೊಸೆಗೆ ಈ ಕೆಲಸ ಬಿದ್ದಿಲ್ಲ ಹೇಳಿ!

‘ಟಾಯ್ ಸ್ಟೋರಿ 2’ ಕೂಡ ಶುರುವಾದದ್ದು ಇಂಥದೇ ಕ್ಯಾಸೆಟ್ ಮಾಲಾಗಿ. ಆದರೆ ಮಾಡುವವರಿಗೇ ಕಥೆ ಹಿಡಿಸಲಿಲ್ಲ. ಬಹಳಷ್ಟನ್ನು ತೆಗೆದುಹಾಕಿ, ಹೊಸದಾಗಿ ಕಟ್ಟಿ, 1999ರಲ್ಲಿ ಟಾಕೀಸಿಗೇ ತಂದರು. ಇಂದಲ್ಲ ನಾಳೆ ದೊಡ್ಡವನಾಗಿ ತನ್ನನ್ನು ಮರೆಯುವ ಹುಡುಗನ ಹತ್ತಿರವೇ ಇರಬೇಕೋ, ಮ್ಯೂಸಿಯಂ ಸೇರಿ ಗಾಜಿನ ಹಿಂದೆ ಚಂದ ಕೂರಬೇಕೋ ಎಂಬ ಚಿಂತೆ ಅದರಲ್ಲಿ ವುಡಿ ಗೊಂಬೆಗೆ. ಮೊದಲ ಭಾಗದಲ್ಲಿ ಈ ಪ್ರಶ್ನೆ ಇರಲಿಲ್ಲ. ಇಲ್ಲೂ ಕಂಪನಿಯ ಲೆಕ್ಕ ಲಾಭದ್ದೇ. ಆದರೆ ಹೇಳೋಕೆ ಏನೋ ಒಂದಿತ್ತು.

ನೀವು ನೋಡಿದ್ದರಲ್ಲಿ ಅದು ಇರಲಿಲ್ಲ. ಇಲ್ಲದಿದ್ದರೂ ನಡೆಯುತ್ತದೆ, ಯಾಕಂದ್ರೆ ಟಿಕೆಟ್ ತೆಗೆಯುವುದು ಮಕ್ಕಳಲ್ಲ, ನೀವು. ಹೊಸ ಸಿನಿಮಾ ಹೇಗಿರುತ್ತೋ ಎಂಬ ಅಳುಕು ತಾಯಿ ತಂದೆಗೆ ಇದ್ದೇ ಇರುತ್ತದೆ. ಗೊತ್ತಿರುವ ಹೆಸರಾದರೆ ಆ ಅಳುಕಿಲ್ಲ. ನಿಮ್ಮ ಆ ನಂಬಿಕೆಯನ್ನೇ ಅವರು ಮಾರಿಕೊಳ್ಳುತ್ತಾರೆ. ‘ಮೊವಾನಾ 2’ ಮೊದಲು ಆನ್‌ಲೈನ್ ಸರಣಿಯಾಗಬೇಕಿತ್ತು. ಅದನ್ನೇ ಸಿನಿಮಾ ಮಾಡಿ 2024ರ ನವೆಂಬರಿನಲ್ಲಿ ಬಿಟ್ಟರು. ಗಳಿಕೆ 100 ಕೋಟಿ ಡಾಲರ್ ದಾಟಿತು. ಇನ್ನು ಅವರು ಯಾಕೆ ನಿಲ್ಲಿಸುತ್ತಾರೆ?

ಮೋಸ ಅನ್ನಲಾರೆ. ಪೋಸ್ಟರ್ ಮೇಲೆ 2 ಅಂತ ಬರೆದೇ ಇತ್ತಲ್ಲ! ಮುಂದಿನ ಸಲ ಒಂದು ವಾರ ತಡೆಯಿರಿ. ನಿಮ್ಮ ಕ್ಲಾಸಿನಲ್ಲೇ ಯಾರಾದರೂ ನೋಡಿ ಬಂದಿರುತ್ತಾರೆ. ಎಬ್ಬಿಸಿ ನಿಲ್ಲಿಸಿ ಕಥೆ ಹೇಳಿಸಿ. ಕೈಕಾಲು ಆಡಿಸಿ, ನಡುನಡುವೆ ಮರೆತು, ಮತ್ತೆ ಹಿಂದೆ ಹೋಗಿ ಹೇಳಿದರೆ ನೀವೂ ಹೋಗಿ ಬನ್ನಿ. ಸುಮ್ನೆ ‘ಚಲೋ ಇತ್ತ್ರೀ ಅಕ್ಕೋರೆ’ ಅಂತ ಹೇಳಿ ಕೂತರೆ ರೈಲಿನ ರೊಕ್ಕ ಉಳಿಸಿ.